ಶಾಲೆಯ ಲ್ಯಾಬಿಗೆ ಪುಟ್ಟ ಕಂಪ್ಯೂಟರ್: ಯಾವ ಪೋರ್ಟ್ ಇರಲೇಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಾವು ಹಳೇ ವಿದ್ಯಾರ್ಥಿಗಳು ಸೇರಿ ಹತ್ತು ಕಂಪ್ಯೂಟರ್ ಕೊಡಿಸಲು ಹೊರಟಿದ್ದೇವೆ. ದುಡ್ಡು ಜಾಸ್ತಿ ಇಲ್ಲ. ಹಾಗಾಗಿ ರಾಸ್ಪ್‌ಬೆರಿ ಪೈ ಥರದ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರೋ, ಇಲ್ಲ ಆಫೀಸುಗಳಿಂದ ಹೊರಬೀಳುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯೋ, ಎರಡರಲ್ಲಿ ಒಂದು ತೆಗೆದುಕೊಳ್ಳೋಣ ಅಂತ ಮಾತಾಗಿದೆ.

ಮಾನಿಟರ್‌ಗಳು ಪುಕ್ಕಟೆ ಸಿಕ್ಕಿವೆ. 17 ಮತ್ತು 19 ಇಂಚಿನ ಹಳೇ ಚೌಕದ ಎಲ್‌ಸಿಡಿ, ಹಿಂದೆ ವಿಜಿಎ, ಅಂದರೆ ಚಿತ್ರದ ವೈರ್ ಚುಚ್ಚುವ ಹಳೇ ಕಾಲದ ನೀಲಿ ಪೋರ್ಟ್. ಸ್ಪೀಕರ್ ಇಲ್ಲ. ಒಂದು ಪ್ರೊಜೆಕ್ಟರ್ ಇದೆ, ಅದರ ವಿಜಿಎ ವೈರನ್ನು ಯಾರೋ ಪುಣ್ಯಾತ್ಮರು ಗೋಡೆಯೊಳಗೆ ಹಾಕಿ ಗಾರೆ ಮೆತ್ತಿಬಿಟ್ಟಿದ್ದಾರೆ. ಜೊತೆಗೆ ಬೆಳಗಿನ ಪ್ರಾರ್ಥನೆಗೆ ಬಳಸುವ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಇದೆ. ಮಾಡಬೇಕಾದ ಕೆಲಸ ಅಂದರೆ ಕನ್ನಡ ಟೈಪಿಂಗ್, ಸ್ಕ್ರ್ಯಾಚ್ (ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು), ಬ್ರೌಸರ್, ಪಾಠದ ವಿಡಿಯೊ. ಇಂಗ್ಲಿಷ್ ಮೇಷ್ಟ್ರು ಮಕ್ಕಳ ಮಾತು ರೆಕಾರ್ಡ್ ಮಾಡಿ ಅವರಿಗೇ ಕೇಳಿಸಬೇಕು ಅಂತ ಬೇರೆ ಹೇಳಿದ್ದಾರೆ.

ಅಂಗಡಿಯಲ್ಲಿ ಕೇಳಿದರೆ "ಸರ್ ಇದರಲ್ಲಿ 4ಕೆ ಬರುತ್ತದೆ, ಎರಡೆರಡು ಸ್ಕ್ರೀನ್ ಹಾಕಬಹುದು" ಅನ್ನುತ್ತಾರೆ. ಅದನ್ನು ಕಟ್ಟಿಕೊಂಡು ನಮಗೇನಾಗಬೇಕು? ವಿಜಿಎ ಇರುವ ಡಬ್ಬವನ್ನೇ ಹುಡುಕಬೇಕಾ, ಈಗಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಪೋರ್ಟಿನದು ತೆಗೆದುಕೊಂಡು ಕನ್ವರ್ಟರ್ ಹಾಕಿದರೆ ಸಾಕಾ? ಹೆಡ್‌ಫೋನ್ ತೂತು ಬೇಕೇ ಬೇಕಾ? ಇಷ್ಟು ತಿಳಿಸಿ.

ಬೆಸುಗೆಕಡ್ಡಿ:

ಕಂಪ್ಯೂಟರ್ ವಿಚಾರ ಪಕ್ಕಕ್ಕಿಡಿ ಸರ್. ಮೊದಲು ಆ ಹತ್ತೂ ಮಾನಿಟರ್‌ಗಳನ್ನು ಮುಖ ಕೆಳಗೆ ಮಾಡಿ ಬಟ್ಟೆಯ ಮೇಲೆ ಮಲಗಿಸಿ, ಹಿಂದೆ ಟಾರ್ಚ್ ಬಿಟ್ಟು ನೋಡಿ. ಆ ಕಾಲದ ಆಫೀಸ್ ಮಾನಿಟರ್‌ಗಳಲ್ಲಿ ನೀಲಿ ವಿಜಿಎ ಪಕ್ಕದಲ್ಲೇ ಬಿಳಿ ಬಣ್ಣದ, ಸ್ವಲ್ಪ ಅಗಲವಾದ ಇನ್ನೊಂದು ಪೋರ್ಟ್ ಇರುವುದುಂಟು. ಅದು ಡಿವಿಐ. ಎಷ್ಟೋ ಸಲ ಅದಕ್ಕೆ ಮುಚ್ಚಳ ಹಾಕಿರುತ್ತಾರೆ, ಯಾರೂ ತೆಗೆದಿರುವುದೇ ಇಲ್ಲ. ಡಿವಿಐ ಇದ್ದರೆ ನಿಮ್ಮ ಅರ್ಧ ತಲೆನೋವು ಹೋದ ಹಾಗೆ. ಎಚ್‌ಡಿಎಂಐ ಮತ್ತು ಡಿವಿಐ ಎರಡರಲ್ಲೂ ಚಿತ್ರ ಹೋಗುವ ರೀತಿ ಒಂದೇ, ಆಕಾರ ಮಾತ್ರ ಬೇರೆ. ನಡುವೆ ಯಾವ ಚಿಪ್ಪೂ ಬೇಡ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಡಿವಿಐ ಇರುವ ಸಾದಾ ಕೇಬಲ್ ಸಾಕು. ಅಕ್ಷರ ವಿಜಿಎಗಿಂತ ಚೆನ್ನಾಗಿ ಕಾಣುತ್ತದೆ. ಕನ್ನಡದ ಒತ್ತಕ್ಷರ ಓದುವವರಿಗೆ ಇದು ಸಣ್ಣ ವಿಷಯ ಅಲ್ಲ.

ವಿಜಿಎ ಒಂದೇ ಇದ್ದರೆ ಕನ್ವರ್ಟರ್ ಬೇಕು. ಇದು ಬರೀ ವೈರ್ ಅಲ್ಲ. ಎಚ್‌ಡಿಎಂಐನಲ್ಲಿ ಬರುವುದು ಡಿಜಿಟಲ್, ವಿಜಿಎಗೆ ಬೇಕಾದ್ದು ಅನಲಾಗ್, ಹಾಗಾಗಿ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಚಿಪ್ ಕೂತು ಸಿಗ್ನಲ್ ಬದಲಾಯಿಸುತ್ತದೆ. ಅದಕ್ಕೆ ಬೇಕಾದ ಕರೆಂಟನ್ನು ಎಚ್‌ಡಿಎಂಐ ಪೋರ್ಟಿನ 5 ವೋಲ್ಟ್ ಪಿನ್ನಿನಿಂದಲೇ ಎಳೆದುಕೊಳ್ಳುತ್ತದೆ. ಆ ಪಿನ್ 55 ಮಿಲಿಆಂಪ್ ಕೊಟ್ಟರೆ ಸಾಕು ಅನ್ನುತ್ತದೆ ಎಚ್‌ಡಿಎಂಐ ನಿಯಮ. ಹಸಿದ ಕನ್ವರ್ಟರ್ ಆದರೆ ಅಷ್ಟು ಸಾಲದೆ ಚಿತ್ರ ಬಂದು ಹೋಗಿ ಮಾಡುತ್ತದೆ. ಪಕ್ಕದಲ್ಲಿ ಸಣ್ಣ ಯುಎಸ್‌ಬಿ ಪವರ್ ತೂತು ಇರುವ ಕನ್ವರ್ಟರ್ ಕೇಳಿ ತೆಗೆದುಕೊಳ್ಳಿ. ಇನ್ನೊಂದು, "ಎಚ್‌ಡಿಎಂಐಯಿಂದ ವಿಜಿಎ" ಮತ್ತು "ವಿಜಿಎಯಿಂದ ಎಚ್‌ಡಿಎಂಐ" ಎರಡೂ ಬೇರೆ ಬೇರೆ ವಸ್ತು. ನಿಮಗೆ ಬೇಕಾದ್ದು ಮೊದಲನೆಯದು. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ.

ಚೌಕದ ಮಾನಿಟರ್‌ಗೆ ಇನ್ನೊಂದು ಕಿರಿಕಿರಿ ಇದೆ. 17, 19 ಇಂಚಿನ ಆ ಎಲ್‌ಸಿಡಿಗಳು 1280 × 1024. ಕಂಪ್ಯೂಟರ್‌ಗೆ ಇದು ತಾನಾಗಿ ಗೊತ್ತಾಗಬೇಕಾದರೆ ಮಾನಿಟರ್ ತನ್ನ ಅಳತೆಯನ್ನು ಕೇಬಲ್‌ನ 12 ಮತ್ತು 15ನೇ ಪಿನ್ ಮೂಲಕ ಹೇಳಬೇಕು. ಕಳಪೆ ವಿಜಿಎ ಕೇಬಲ್‌ಗಳಲ್ಲಿ ಈ ಎರಡು ಪಿನ್ನೇ ಇರುವುದಿಲ್ಲ. ಆಗ ಕಂಪ್ಯೂಟರ್ ಅಂದಾಜಿನಲ್ಲಿ ಏನೋ ಒಂದು ಕಳಿಸುತ್ತದೆ, ಅಕ್ಷರ ಮಸುಕು, ವೃತ್ತ ಹೋಗಿ ಮೊಟ್ಟೆ. ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ಎಣಿಸಿ. ಮಧ್ಯದ ಸಾಲಿನಲ್ಲಿ 9ನೇದು ಇಲ್ಲದಿದ್ದರೆ ಪರವಾಗಿಲ್ಲ, ಅದು ಎಷ್ಟೋ ಕೇಬಲ್‌ಗಳಲ್ಲಿ ಇರುವುದಿಲ್ಲ. ಐದು ಪಿನ್ನಿನ ಕೊನೇ ಸಾಲಿನಲ್ಲಿ ಖಾಲಿ ಜಾಗ ಕಂಡರೆ ಎಷ್ಟನೇ ಪಿನ್ ಅಂತ ನೋಡಿಕೊಳ್ಳಿ.

ಗುಜರಿಪ್ರಿಯ:

ನನ್ನ ಓಟು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಮಿನಿ, ಈ ಮೂರರಲ್ಲಿ ಯಾವುದಾದರೂ ಆದೀತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹತ್ತು ಕೇಳಿದರೆ ಹತ್ತೂ ಒಂದೇ ಥರದ್ದು ಕೊಡುವವರು ಸಿಗುತ್ತಾರೆ. ಹಾರ್ಡ್‌ಡಿಸ್ಕ್, ಕೇಸು, ಚಾರ್ಜರ್ ಎಲ್ಲ ಜೊತೆಗೇ ಬರುತ್ತದೆ. ಪೈಗೆ ಇವನ್ನೆಲ್ಲ ಬೇರೆ ಬೇರೆ ಕೊಂಡು ಲೆಕ್ಕ ಹಾಕಿ ನೋಡಿ, ಕಡಿಮೆ ಬೆಲೆ ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಹಿಂಭಾಗ ನೋಡದೆ ದುಡ್ಡು ಕೊಡಬೇಡಿ. ಈ ಡಬ್ಬಗಳ ಹಿಂದೆ ಒಂದು ಐಚ್ಛಿಕ ಜಾಗ ಇರುತ್ತದೆ. ಮೊದಲು ಕೊಂಡ ಆಫೀಸಿನವರು ಏನು ಹಾಕಿಸಿದ್ದರೋ ಅದು. ಒಂದರಲ್ಲಿ ವಿಜಿಎ, ಇನ್ನೊಂದರಲ್ಲಿ ಎಚ್‌ಡಿಎಂಐ, ಮತ್ತೊಂದರಲ್ಲಿ ಬರೀ ತಗಡಿನ ಮುಚ್ಚಳ. ಮಾಡೆಲ್ ನಂಬರ್ ಒಂದೇ ಆದರೂ ಹೀಗೇ. ಸೀರಿಯಲ್ ಪೋರ್ಟ್ ಹಾಕಿಸಿದವರೂ ಇದ್ದಾರೆ, ಮಸುಕು ಫೋಟೊದಲ್ಲಿ ಅದು ಥೇಟ್ ವಿಜಿಎ ಥರವೇ ಕಾಣುತ್ತದೆ, ಹೊರಗಿನ ಲೋಹದ ಅಳತೆ ಎರಡಕ್ಕೂ ಒಂದೇ. ವಿಜಿಎ ಅಂದರೆ ಮೂರು ಸಾಲು, ಹದಿನೈದು ತೂತು. ಸೀರಿಯಲ್ ಅಂದರೆ ಎರಡು ಸಾಲು, ಹೊರಚಾಚಿದ ಒಂಬತ್ತು ಪಿನ್ನು. ವಾಟ್ಸಾಪ್‌ನಲ್ಲಿ ಹತ್ತೂ ಡಬ್ಬಗಳ ಹಿಂಭಾಗದ ಫೋಟೊ ತರಿಸಿಕೊಳ್ಳಿ, ಒಂದರದ್ದು ನೋಡಿ ಉಳಿದವೂ ಹಾಗೇ ಅಂದುಕೊಳ್ಳಬೇಡಿ.

ಇವುಗಳಲ್ಲಿ ಜಾಸ್ತಿ ಸಿಗುವುದು ಡಿಸ್‌ಪ್ಲೇಪೋರ್ಟ್. ಎಚ್‌ಡಿಎಂಐ ಥರವೇ, ಆದರೆ ಒಂದು ಮೂಲೆ ಮಾತ್ರ ಕತ್ತರಿಸಿದ ಹಾಗಿರುತ್ತದೆ. ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದ್ದರೆ ಅದರಿಂದ ಎಚ್‌ಡಿಎಂಐಗೋ ಡಿವಿಐಗೋ ಸಸ್ತಾ ಕೇಬಲ್ ಸಾಕು. ವಿಜಿಎಗೆ ಮಾತ್ರ ಇಲ್ಲೂ ಚಿಪ್ ಇರುವ ಅಡಾಪ್ಟರ್ ಬೇಕು. ಅಡಾಪ್ಟರ್‌ಗೆ ಇನ್ನೂರರಿಂದ ಐನೂರು ಅಂತ ಇಟ್ಟುಕೊಂಡರೂ ಹತ್ತಕ್ಕೆ ಎಷ್ಟಾಯಿತು? ಅದಕ್ಕೇ ಮಾನಿಟರ್ ವಿಜಿಎ ಆಗಿದ್ದರೆ ವಿಜಿಎ ಇರುವ ಡಬ್ಬಕ್ಕೆ ನೂರಿನ್ನೂರು ಜಾಸ್ತಿ ಕೊಟ್ಟರೂ ಲಾಭವೇ. ನಡುವೆ ಸಡಿಲವಾಗುವ ಒಂದು ಕೊಂಡಿ ಕಡಿಮೆ.

ಪೈಪರ:

ಗುಜರಿಪ್ರಿಯ ಅವರ ಲೆಕ್ಕ ಒಪ್ಪಿದೆ, ಆದರೂ ಪೈ ಬಗ್ಗೆ ಎರಡು ಮಾತು ಹೇಳಲೇಬೇಕು. ಪೈ ಅಂದರೆ ಒಂದೇ ಅಲ್ಲ, ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಪೋರ್ಟ್. ಅದನ್ನು ನೋಡದೆ "ಹೊಸದು ಅಲ್ವಾ, ಒಳ್ಳೆಯದೇ ಇರುತ್ತದೆ" ಅಂತ ತಂದರೆ ಲ್ಯಾಬಿನಲ್ಲಿ ಕೂತು ಪೇಚಾಡಬೇಕಾಗುತ್ತದೆ.

2012ರಲ್ಲಿ ಬಂದ ಮೊದಲ ಪೈಯಲ್ಲಿ ದೊಡ್ಡ ಎಚ್‌ಡಿಎಂಐ, ಹಳದಿ ಬಣ್ಣದ ಆರ್‌ಸಿಎ ವಿಡಿಯೊ, 3.5 ಎಂಎಂ ಆಡಿಯೊ ಮೂರೂ ಇದ್ದವು. ಮನೆಯಲ್ಲಿರುವ ಟಿವಿಗೇ ಚುಚ್ಚಿ ಶುರು ಮಾಡಬಹುದಿತ್ತು. ವಿಜಿಎ ಆಗಲೂ ಇರಲಿಲ್ಲ. 2014ರ ಬಿ ಪ್ಲಸ್‌ನಲ್ಲಿ ಹಳದಿ ತೂತು ತೆಗೆದು ಆ ವಿಡಿಯೊವನ್ನು ಹೆಡ್‌ಫೋನ್ ತೂತಿನೊಳಗೇ ಸೇರಿಸಿದರು. 2019ರ ಪೈ 4ರಲ್ಲಿ ದೊಡ್ಡ ಎಚ್‌ಡಿಎಂಐ ಹೋಗಿ ಎರಡು ಮೈಕ್ರೋ ಎಚ್‌ಡಿಎಂಐ ಬಂದವು, ಹೆಡ್‌ಫೋನ್ ತೂತು ಉಳಿಯಿತು. 2023ರ ಪೈ 5ರಲ್ಲಿ ಅದೂ ಹೋಯಿತು. ಕೀಬೋರ್ಡ್ ಒಳಗೇ ಕಂಪ್ಯೂಟರ್ ಇರುವ ಪೈ 400, ಲ್ಯಾಬಿಗೆ ನೋಡಲು ಎಷ್ಟು ಮುದ್ದಾಗಿದ್ದರೂ ಅದರಲ್ಲೂ ಹೆಡ್‌ಫೋನ್ ತೂತಿಲ್ಲ. ಪುಟಾಣಿ ಝೀರೋಗೆ ಮಿನಿ ಎಚ್‌ಡಿಎಂಐ, ಅಂದರೆ ಇನ್ನೊಂದು ಅಳತೆಯ ಇನ್ನೊಂದು ಕೇಬಲ್.

ಶಾಲೆಗೆ ನನಗೆ ಸಿಟ್ಟು ಬರುವುದು ಈ ಮೈಕ್ರೋ ಎಚ್‌ಡಿಎಂಐ ಕಂಡರೆ. ಕಿರುಬೆರಳ ಉಗುರಿನಷ್ಟು ಅಗಲ ಇಲ್ಲ. ಅದಕ್ಕೆ ಗಟ್ಟಿ ಅಡಾಪ್ಟರ್ ಚುಚ್ಚಿ, ಅದಕ್ಕೆ ದಪ್ಪ ಕೇಬಲ್, ಅದರ ತುದಿಗೆ ವಿಜಿಎ ಡಬ್ಬಿ, ಇಷ್ಟೂ ಭಾರ ಆ ಸಣ್ಣ ಬಾಯಿಯ ಮೇಲೆ ಜೋತಾಡಿದರೆ ಎಷ್ಟು ದಿನ ಬಾಳೀತು? ಎರಡು ಪೋರ್ಟ್ ಪಕ್ಕಪಕ್ಕ ಇರುವುದರಿಂದ ದಪ್ಪ ಅಡಾಪ್ಟರ್ ಒಂದು ಹಾಕಿದರೆ ಇನ್ನೊಂದಕ್ಕೆ ಜಾಗವೂ ಸಾಲದು. ಪೈ 4 ಅಥವಾ 5 ತೆಗೆದುಕೊಂಡರೆ ಒಂದು ತುದಿ ಮೈಕ್ರೋ, ಇನ್ನೊಂದು ತುದಿ ದೊಡ್ಡ ಎಚ್‌ಡಿಎಂಐ ಇರುವ ಒಂದೇ ಕೇಬಲ್ ಕೊಂಡು, ಅದನ್ನು ಮೇಜಿಗೆ ಕ್ಲಿಪ್ ಹೊಡೆದುಬಿಡಿ. ಪವರ್ ಹಾಕುವ ಟೈಪ್-ಸಿ ಪಕ್ಕದ್ದೇ ಮೊದಲನೇ ಪೋರ್ಟ್, ಅದಕ್ಕೇ ಹಾಕಿ. ಅಂದ ಹಾಗೆ ಆ ಟೈಪ್-ಸಿಯಿಂದ ವಿಡಿಯೊ ಬರುವುದಿಲ್ಲ. ಟೈಪ್-ಸಿ ಇದ್ದಲ್ಲೆಲ್ಲ ಮಾನಿಟರ್ ಹಾಕಬಹುದು ಅನ್ನುವುದು ಸುಳ್ಳು, ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಂತ ಬರೆದಿದ್ದರೆ ಮಾತ್ರ.

ಹಳೇ ಪೈ 3ಬಿ ಪ್ಲಸ್‌ನಲ್ಲಿ ದೊಡ್ಡ ಎಚ್‌ಡಿಎಂಐ, ಹೆಡ್‌ಫೋನ್ ತೂತು ಎರಡೂ ಇವೆ. ಪೋರ್ಟ್ ಮಟ್ಟಿಗೆ ಶಾಲೆಗೆ ಹೇಳಿ ಮಾಡಿಸಿದ್ದು. ಆದರೆ ರ್‍ಯಾಮ್ 1 ಜಿಬಿ, ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಏದುಸಿರು. ಟೈಪಿಂಗಿಗೆ ಮಾತ್ರ ಓಕೆ.

ಅಡಿಕೆಪುಟ್ಟಿ:

ನಮ್ಮ ಊರಿನ ಗ್ರಂಥಾಲಯಕ್ಕೂ ಇದೇ ಪ್ರಶ್ನೆ ಇದೆ, ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಹಳೇ ಡಬ್ಬಾ ಟಿವಿ ಬಿದ್ದಿದೆ. ಪೈ 4ರಿಂದ ಹಳದಿ ವೈರಿನಲ್ಲಿ ಅದಕ್ಕೆ ಕೊಟ್ಟರೆ ಆಗುತ್ತಾ?

ಬೆಸುಗೆಕಡ್ಡಿ:

@ಅಡಿಕೆಪುಟ್ಟಿ ಚಿತ್ರ ಬರುತ್ತದೆ, ಓದಲು ಆಗುವುದಿಲ್ಲ. ನಮ್ಮ ದೇಶದ ಪಾಲ್ ಟಿವಿಯಲ್ಲಿ ಕಾಣುವುದೇ 576 ಗೆರೆ, ಅದೂ ಬೆಸ-ಸಮ ಅಂತ ಎರಡು ಕಂತಿನಲ್ಲಿ. ಮೇಲಾಗಿ ಒಂದೇ ವೈರಿನಲ್ಲಿ ಬಣ್ಣ, ಬೆಳಕು ಎರಡೂ ಕಲಸಿ ಹೋಗುತ್ತವೆ. ಸಣ್ಣ ಅಕ್ಷರದ ಅಂಚು ಕಾಮನಬಿಲ್ಲಾಗುತ್ತದೆ. ಪೈ 4ರಲ್ಲಿ ಆ ಔಟ್‌ಪುಟ್ ಮೊದಲು ಬಂದ್ ಆಗಿರುತ್ತದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಬೋರ್ಡ್ ಸ್ವಲ್ಪ ನಿಧಾನವೂ ಆಗುತ್ತದೆ. ಕ್ಯಾಮ್‌ಕಾರ್ಡರ್ ಜೊತೆ ಬಂದ ಹಳೇ ಕೇಬಲ್ ಹಾಕಿದರೆ ಚಿತ್ರ ಬಾರದೆ ಇರಬಹುದು, ಕೆಲವದರಲ್ಲಿ ವಿಡಿಯೊ ಮತ್ತು ಗ್ರೌಂಡ್ ಅದಲುಬದಲು ಇರುತ್ತವೆ. ಹಳೇ ಆಟ ಆಡಲು ಮಜಾ. ಗ್ರಂಥಾಲಯಕ್ಕೆ ಬೇಡ.

ಪಾಠಪ್ರವಚನ:

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಎಲ್ಲರೂ ಕಣ್ಣಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಕಿವಿಯ ಬಗ್ಗೆ ಯಾರೂ ಹೇಳುತ್ತಿಲ್ಲ. ವಿಜಿಎಯಲ್ಲಿ ಸೌಂಡ್ ಹೋಗುವುದಿಲ್ಲ. ಆ ಮಾನಿಟರ್‌ಗಳ ಡಿವಿಐಯಲ್ಲೂ ಅಷ್ಟೇ. ಹೋದರೂ ಮಾನಿಟರ್‌ಗೆ ಸ್ಪೀಕರ್ ಇಲ್ಲ. ಅಂದ ಮೇಲೆ ಹೆಡ್‌ಫೋನ್ ತೂತಿಲ್ಲದ ಕಂಪ್ಯೂಟರ್ ನಿಮ್ಮ ಶಾಲೆಯಲ್ಲಿ ಮೂಗಿ ಆದ ಹಾಗೇ.

ರೆಕಾರ್ಡ್ ಮಾಡಿಸಬೇಕು ಅಂದಿರಿ. ಪೈ 4ರ ಹೆಡ್‌ಫೋನ್ ತೂತಿನಲ್ಲಿ ಕೇಳಬಹುದು, ಮಾತಾಡಲು ಆಗುವುದಿಲ್ಲ. ಮೊಬೈಲ್ ಹೆಡ್‌ಸೆಟ್ಟಿನಲ್ಲಿ ಮೈಕ್ ಇರುವ ಜಾಗದಲ್ಲಿ ಪೈ ವಿಡಿಯೊ ಇಟ್ಟಿದೆ. ಮಿನಿ ಪಿಸಿಗಳ ಮುಂದೆ ಹೆಡ್‌ಸೆಟ್ ಚಿತ್ರ ಇರುವ ತೂತು ಇದ್ದರೆ ಮೊಬೈಲಿನ ನಾಲ್ಕು ಪಟ್ಟಿಯ ಪಿನ್ ನೇರ ಹಾಕಬಹುದು, ಮೈಕೂ ಕೆಲಸ ಮಾಡುತ್ತದೆ. ಹಸಿರು-ಗುಲಾಬಿ ಅಂತ ಎರಡು ತೂತಿದ್ದರೆ ನಡುವೆ ವೈ ಆಕಾರದ ಸ್ಪ್ಲಿಟರ್ ಬೇಕು.

ಮಕ್ಕಳ ಕೈಯಲ್ಲಿ ಮೊದಲು ಹಾಳಾಗುವುದು ಹೆಡ್‌ಫೋನ್ ತೂತೇ. ಎದ್ದು ಓಡುವಾಗ ತಲೆಯಿಂದ ತೆಗೆಯುವುದನ್ನು ಮರೆಯುತ್ತಾರೆ, ವೈರ್ ಎಳೆಯುತ್ತದೆ, ಪಿನ್ ವಾರೆಯಾಗುತ್ತದೆ, ಆಮೇಲೆ ಒಂದೇ ಕಿವಿಗೆ ಕೇಳಿಸುತ್ತದೆ. ಅದಕ್ಕೆ ನಮ್ಮಲ್ಲಿ ಪ್ರತಿ ಕಂಪ್ಯೂಟರ್‌ಗೂ ಹೆಬ್ಬೆರಳು ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದ್ದೇವೆ. ಅದರಲ್ಲಿ ಕಿವಿಗೊಂದು ಮೈಕಿಗೊಂದು ತೂತು. ಹಾಳಾದರೆ ಅದನ್ನು ಬಿಸಾಕಿ ಹೊಸದು ಚುಚ್ಚಿದರಾಯಿತು, ಕಂಪ್ಯೂಟರ್ ಬಿಚ್ಚಬೇಕಿಲ್ಲ. ಹಾಗಾಗಿ ಪೋರ್ಟ್ ಲೆಕ್ಕ ಹಾಕುವಾಗ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಬಿಟ್ಟು ಇನ್ನೂ ಒಂದು ಯುಎಸ್‌ಬಿ ಮಿಗಬೇಕು ಅಂತ ನೋಡಿಕೊಳ್ಳಿ. ನಾಲ್ಕು ಇರಲಿ.

ಗುಜರಿಪ್ರಿಯ:

ಮೇಡಂ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಎಚ್‌ಡಿಎಂಐ-ವಿಜಿಎ ಕನ್ವರ್ಟರ್‌ಗಳಲ್ಲಿ ಪಕ್ಕಕ್ಕೆ 3.5 ಎಂಎಂ ತೂತು ಇರುವವೂ ಸಿಗುತ್ತವೆ. ಎಚ್‌ಡಿಎಂಐನಲ್ಲಿ ಬರುವ ಸೌಂಡನ್ನು ಅಲ್ಲಿಂದ ಹೊರಗೆ ತೆಗೆಯಬಹುದು. ಪೈ 5 ಆದರೂ ನಡೆಯುತ್ತದೆ. ಆದರೆ ಕೆಲವು ಕನ್ವರ್ಟರ್‌ಗಳು ತಮಗೆ ಆಡಿಯೊ ಬರುತ್ತದೆ ಅಂತ ಕಂಪ್ಯೂಟರ್‌ಗೆ ಹೇಳುವುದೇ ಇಲ್ಲ, ಆಗ ಸೌಂಡ್ ಪಟ್ಟಿಯಲ್ಲಿ ಎಚ್‌ಡಿಎಂಐ ಹೆಸರೇ ಕಾಣುವುದಿಲ್ಲ. ಒಂದು ತಂದು ಪರೀಕ್ಷೆ ಮಾಡಿ, ಆಮೇಲೆ ಒಂಬತ್ತು ತನ್ನಿ.

ನೇರಮಾತು:

ಎಲ್ಲ ಓದಿದೆ. ನನ್ನ ಪ್ರಶ್ನೆ ಒಂದೇ, ಈ ಹಳೇ ವಿಜಿಎ ಹೆಣವನ್ನು ಇನ್ನೆಷ್ಟು ದಿನ ಹೊರಬೇಕು? 1987ರಲ್ಲಿ ಐಬಿಎಂ ತಂದದ್ದು. 2015ರ ಹೊತ್ತಿಗೆ ಕೈಬಿಡುತ್ತೇವೆ ಅಂತ ಇಂಟೆಲ್, ಎಎಂಡಿ ಎರಡೂ ಸೇರಿ 2010ರಲ್ಲೇ ಹೇಳಿಯಾಗಿದೆ. ಹತ್ತು ಕನ್ವರ್ಟರ್, ಹತ್ತು ಸೌಂಡ್ ಕಾರ್ಡ್, ಅದಕ್ಕೆ ಸ್ಪೇರ್ ಅಂತ ಹಾಕುವ ದುಡ್ಡನ್ನು ಒಟ್ಟುಗೂಡಿಸಿ, ಸ್ಪೀಕರ್ ಇರುವ ಎಚ್‌ಡಿಎಂಐ ಮಾನಿಟರ್ ಐದು ತೆಗೆದುಕೊಳ್ಳಿ. ಇಬ್ಬರಿಗೆ ಒಂದು. ಇಬ್ಬರು ಮಕ್ಕಳು ಸೇರಿದರೆ ಕಲಿಯುವುದೂ ಜಾಸ್ತಿ.

ಗುಜರಿಪ್ರಿಯ:

ಹತ್ತು ಕನ್ವರ್ಟರ್ ದುಡ್ಡಿಗೆ ಒಂದು ಹೊಸ ಮಾನಿಟರ್ ಬಂದರೆ ನಿಮ್ಮ ಪುಣ್ಯ, ಐದು ಎಲ್ಲಿಂದ ಬರುತ್ತವೆ ಗುರುಗಳೇ? ಪುಕ್ಕಟೆ ಬಂದಿರುವ ಹತ್ತು ಪರದೆ ಮೂಲೆಗೆ ಹಾಕಿ ಅಂದರೆ ಮೇಷ್ಟ್ರು ಒಪ್ಪುತ್ತಾರಾ? ಮಾನಿಟರ್ ಕೆಟ್ಟಾಗ ಒಂದೊಂದಾಗಿ ಎಚ್‌ಡಿಎಂಐಗೆ ಹೋಗಲಿ. ಅದಕ್ಕೇ ಹೇಳುವುದು, ಡಬ್ಬದಲ್ಲಿ ವಿಜಿಎ ಒಂದೇ ಇರುವುದು ಬೇಡ, ಜೊತೆಗೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇರಲೇಬೇಕು.

ನೇರಮಾತು:

ಐದು ಅಂದದ್ದು ಮಾತಿನ ಭರಕ್ಕೆ, ಬಿಡಿ. ಎರಡೂ ಪೋರ್ಟ್ ಇರುವುದು ಅಂದರೆ ನನ್ನ ತಕರಾರಿಲ್ಲ.

ತೆಂಗಿನತೋಟ:

ನಿನ್ನೆ ಶಾಲೆಗೆ ಹೋಗಿ ಬೆಸುಗೆಕಡ್ಡಿ ಹೇಳಿದ ಹಾಗೆ ಮಾನಿಟರ್ ಮಲಗಿಸಿ ನೋಡಿದೆವು. ಆರರಲ್ಲಿ ಡಿವಿಐ ಇದೆ! ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಉಳಿದ ನಾಲ್ಕರಲ್ಲಿ ಬರೀ ವಿಜಿಎ. ಹಾಗಾಗಿ ಮಿನಿ ಪಿಸಿಯೇ ಅಂತ ಹೆಚ್ಚುಕಡಿಮೆ ತೀರ್ಮಾನ. ಎಸ್‌ಪಿ ರೋಡಿನಲ್ಲಿ ಒಬ್ಬರು ಹಿಂಭಾಗದ ಫೋಟೊ ಕಳಿಸಿದ್ದಾರೆ. ಏಳರಲ್ಲಿ ಎರಡು ಡಿಸ್‌ಪ್ಲೇಪೋರ್ಟ್ ಮತ್ತು ವಿಜಿಎ, ಮೂರರಲ್ಲಿ ಎರಡು ಡಿಸ್‌ಪ್ಲೇಪೋರ್ಟ್ ಮಾತ್ರ, ಪ್ಲಸ್ ಗುರುತು ಎಲ್ಲದರಲ್ಲೂ ಇದೆ. ಒಂದರಲ್ಲಿ ಸೀರಿಯಲ್ ಇದ್ದದ್ದನ್ನು ವಿಜಿಎ ಅಂತ ಬರೆದಿದ್ದರು, ಫೋಟೊದಲ್ಲಿ ಗೊತ್ತಾಯಿತು, ಬದಲಾಯಿಸಿ ಕೊಡುತ್ತಾರಂತೆ. ಪೈ ಒಂದು ಮಾತ್ರ ತೆಗೆದುಕೊಂಡು ಎಲ್‌ಇಡಿ, ಸೆನ್ಸರ್ ಆಟಕ್ಕೆ ಇಡೋಣ ಅಂತ.

ಇನ್ನು ಉಳಿದದ್ದು ಪ್ರೊಜೆಕ್ಟರ್ ಮತ್ತು ಆಂಪ್ಲಿಫೈಯರ್. ಲ್ಯಾಪ್‌ಟಾಪ್ ಚುಚ್ಚಿದಾಗಲೆಲ್ಲ ಗುಂಯ್ ಅನ್ನುತ್ತದೆ ಅಂತ ಮೇಷ್ಟ್ರು ಹೇಳುತ್ತಾರೆ.

ಬೆಸುಗೆಕಡ್ಡಿ:

ಪ್ರೊಜೆಕ್ಟರ್ ವೈರ್ ಗೋಡೆಯಲ್ಲೇ ಇರಲಿ, ಒಡೆಯಬೇಡಿ. ವಿಜಿಎ ಇರುವ ಏಳರಲ್ಲಿ ಒಂದನ್ನು ಅಲ್ಲಿಗೆ ಕೊಟ್ಟರೆ ಕನ್ವರ್ಟರ್ ಕೂಡ ಬೇಡ. ಉದ್ದ ಕೇಬಲ್‌ನಲ್ಲಿ ಅಕ್ಷರಕ್ಕೆ ನೆರಳು ಕಂಡರೆ 1024 × 768ಕ್ಕೆ ಇಳಿಸಿ, ಪಾಠಕ್ಕೆ ಅಷ್ಟು ಸಾಕು.

ಗುಂಯ್ ಸದ್ದಿಗೆ ಹೀಗೆ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿ. ಸದ್ದು ನಿಂತರೆ ಅದು ಅರ್ಥಿಂಗ್ ಸುತ್ತು, ಅಂದರೆ ಆಂಪ್ಲಿಫೈಯರ್ ಒಂದು ಕಡೆ ಅರ್ಥ್, ಕಂಪ್ಯೂಟರ್ ಇನ್ನೊಂದು ಕಡೆ ಅರ್ಥ್, ನಡುವೆ ಆಡಿಯೊ ವೈರಿನಲ್ಲಿ ಕರೆಂಟ್ ಹರಿಯುತ್ತಿದೆ. ಮಿನಿ ಪಿಸಿಯ ಮೂರು ಪಿನ್ನಿನ ಚಾರ್ಜರ್‌ನಲ್ಲೂ ಇದೇ ಆಗುವ ಸಾಧ್ಯತೆ ಇದೆ. ಮೊದಲು ಎರಡನ್ನೂ ಒಂದೇ ಬೋರ್ಡಿನ ಸಾಕೆಟ್‌ಗೆ ಹಾಕಿ. ಆಗಲೂ ನಿಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಬರುತ್ತದೆ, ಆಡಿಯೊ ವೈರಿನ ಮಧ್ಯೆ ಹಾಕಿ. ಅರ್ಥ್ ಪಿನ್ ಮುರಿದು ಹಾಕುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬೇಡಿ, ಮಕ್ಕಳು ಮುಟ್ಟುವ ಜಾಗ.

ಇನ್ನು ಆ ಆಂಪ್ಲಿಫೈಯರ್ ಹಿಂದೆ ಆಕ್ಸ್ ಅಂತ ಬರೆದ ತೂತು ಹುಡುಕಿ, ಕಂಪ್ಯೂಟರ್ ಅದಕ್ಕೇ. ಮೈಕ್ ತೂತಿಗೆ ಹಾಕಿದರೆ ಸೌಂಡ್ ಒಡೆದು ಬರುತ್ತದೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಕಂಪ್ಯೂಟರ್ ಕೊಡುವುದು ಅದರ ನೂರಾರು ಪಟ್ಟು.

ಪಾಠಪ್ರವಚನ:

ಡಿಸ್‌ಪ್ಲೇಪೋರ್ಟ್ ಕೇಬಲ್‌ನ ತಲೆಯಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿ ತೆಗೆಯಬೇಕು. ಒತ್ತದೆ ಎಳೆದರೆ ಪೋರ್ಟೇ ಸಡಿಲ. ಕೊಕ್ಕೆ ಇಲ್ಲದ ಕೇಬಲ್ ಸಿಕ್ಕರೆ ಅದನ್ನೇ ತನ್ನಿ. ವಿಜಿಎ, ಡಿವಿಐ ಕಡೆ ಎರಡೂ ಸ್ಕ್ರೂ ಬಿಗಿ ಮಾಡಿಸಿ. ಆಮೇಲೆ ಪ್ರತಿ ಮಾನಿಟರ್ ಮೇಲೂ ಯಾವ ಇನ್‌ಪುಟ್ ಅಂತ ಚೀಟಿ ಅಂಟಿಸಿ. ಯಾವುದೋ ಹುಡುಗ ಬಟನ್ ಒತ್ತಿ ವಿಜಿಎಯಿಂದ ಡಿವಿಐಗೆ ಬದಲಾಯಿಸಿರುತ್ತಾನೆ, ಕಂಪ್ಯೂಟರ್ ಕೆಟ್ಟಿದೆ ಅಂತ ನಿಮಗೆ ಫೋನ್ ಬರುತ್ತದೆ.

ತೆಂಗಿನತೋಟ:

ಚೀಟಿ ವಿಷಯ ಈಗಲೇ ಬರೆದುಕೊಂಡೆ ಮೇಡಂ. ಆರು ಡಿವಿಐ ಕೇಬಲ್, ಹತ್ತು ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಪಟ್ಟಿ ಆಯಿತು. ವಿಜಿಎ ಇರುವ ಏಳರಲ್ಲಿ ನಾಲ್ಕು ಆ ನಾಲ್ಕು ಮಾನಿಟರ್‌ಗೆ. ಉಳಿದ ಮೂರರಲ್ಲಿ ಒಂದನ್ನು ಡಿಸ್‌ಪ್ಲೇಪೋರ್ಟಿನಿಂದ ಡಿವಿಐ ಮಾನಿಟರ್‌ಗೆ, ವಿಜಿಎಯಿಂದ ಪ್ರೊಜೆಕ್ಟರ್‌ಗೆ ಕೊಟ್ಟು ಮೇಷ್ಟ್ರ ಮೇಜಿನ ಮೇಲೆ ಇಡುತ್ತೇವೆ. ಎರಡೂ ಒಟ್ಟಿಗೆ ಓಡುತ್ತವೆ ಅಲ್ವಾ?

ಗುಜರಿಪ್ರಿಯ:

ಓಡುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಿರರ್ ಹಾಕಿ, ಇಲ್ಲದಿದ್ದರೆ ಮೇಷ್ಟ್ರು ಮಾನಿಟರ್‌ನಲ್ಲಿ ತೆರೆದದ್ದು ಗೋಡೆ ಮೇಲೆ ಬರುವುದಿಲ್ಲ. ಕೇಬಲ್ ತರುವಾಗ "ಡಿಸ್‌ಪ್ಲೇಪೋರ್ಟ್‌ನಿಂದ ಡಿವಿಐಗೆ" ಅಂತ ಬಿಡಿಸಿ ಹೇಳಿ. ಆರರ ಬದಲು ಏಳು ತನ್ನಿ.